ನಿಮಗಿದು ಗೊತ್ತೆ? ಇಟ್ಟಿಗೆ ಜೋಡಿಸುವ ರೋಬೊಗೂ ಗಾರೆಯವರ ನೆರವು ಬೇಕು

ಅಮೆರಿಕದ ‘ಸ್ಯಾಮ್’ ಎಂಬ ರೋಬೊ ಇಟ್ಟಿಗೆ ಎತ್ತಿ, ಅದಕ್ಕೆ ಗಾರೆ ಬಳಿದು, ಗೋಡೆಯ ಮೇಲೆ ಕೂರಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಹೊರಗೆ ಉಕ್ಕಿದ ಗಾರೆಯನ್ನು ಕೆರೆದು ಸಂದು ತೀಡಲು ಪಕ್ಕದಲ್ಲೇ ಒಬ್ಬ ಗಾರೆಯವನು ನಿಂತಿರಬೇಕು. ಇಟ್ಟಿಗೆ, ಗಾರೆ ತುಂಬಿಕೊಡಲು ಇನ್ನೊಬ್ಬರು. ಗೋಡೆಯ ಮೂಲೆಗಳಂತೂ ಮನುಷ್ಯರ ಕೈಕೆಲಸವೇ. ‘ಸ್ಯಾಮ್’ ಎಂಬುದರ ಪೂರ್ಣ ಹೆಸರಿನಲ್ಲೇ ‘ಅರೆ-ಸ್ವಯಂಚಾಲಿತ’ ಎಂದು ಒಪ್ಪಿಕೊಂಡಿರುವುದು ಅದನ್ನು ತಯಾರಿಸಿದ ಕಂಪನಿಯ ಪ್ರಾಮಾಣಿಕತೆ ಎನ್ನಬೇಕು!

ರೋಬೊ-ಮನುಷ್ಯರ ಈ ಜೋಡಿ ಕೆಲಸ ಎಂಜಿನಿಯರರಿಗಷ್ಟೇ ಸೇರಿದ ವಿಷಯವಲ್ಲ. ಯಂತ್ರದ ವೇಗಕ್ಕೆ ಮನುಷ್ಯ ಹೆಜ್ಜೆ ಹಾಕಬೇಕೋ, ಮನುಷ್ಯನ ವೇಗಕ್ಕೆ ಯಂತ್ರವೋ? ಗೋಡೆ ಸೊಟ್ಟಗಾದರೆ ಹೊಣೆ ಯಾರದು? ಮೇಸ್ತ್ರಿಯ ಕೈಯಳತೆಯ ಅನುಭವಕ್ಕೆ ಬೆಲೆ ಉಳಿಯುತ್ತದೆಯೇ? ಇಂಥ ಪ್ರಶ್ನೆಗಳನ್ನು ಕೇಳುವವರು ಸಮಾಜಶಾಸ್ತ್ರಜ್ಞರು. ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ಶುರುವಾದ ಕಟ್ಟಡ ನಿರ್ಮಾಣದ ಸಂಶೋಧನಾ ಕೇಂದ್ರದಲ್ಲಿ ವಾಸ್ತುಶಿಲ್ಪಿ, ರೋಬೊ ತಜ್ಞರ ಜತೆಗೆ ಅವರಿಗೂ ಜಾಗವಿದೆ. ಅದೇ ವರ್ಷ ಹೈಲ್‌ಬ್ರಾನ್ ನಗರದ ತೋಟಗಾರಿಕಾ ಮೇಳಕ್ಕಾಗಿ ಆ ವಿಶ್ವವಿದ್ಯಾಲಯದ ತಂಡ ಮರದ ಮಂಟಪವೊಂದನ್ನು ರೂಪಿಸಿತು. ಅದರ 376 ತುಂಡುಗಳನ್ನು ಸಿದ್ಧಪಡಿಸಿದ್ದು ರೋಬೊಗಳು. ಮೇಳದ ಜಾಗದಲ್ಲಿ ಜೋಡಿಸಿದ್ದು ಕೆಲಸಗಾರರು.

ಅಂದಹಾಗೆ, ಕಟ್ಟಡದ ಕೆಲಸಕ್ಕೆ ರೋಬೊ ಹೊಸ ಅತಿಥಿಯೇನಲ್ಲ. ಜಪಾನಿನ ಶಿಮಿಜು ಕಂಪನಿ 1983ರಷ್ಟು ಹಿಂದೆಯೇ, ಉಕ್ಕಿನ ತೊಲೆಗಳಿಗೆ ಬೆಂಕಿನಿರೋಧಕ ಲೇಪ ಸಿಂಪಡಿಸುವ ರೋಬೊ ತಯಾರಿಸಿತ್ತು. ಮೂಗು-ಬಾಯಿಗೆ ದೂಳು ತುಂಬುವ ಆ ಕೆಲಸ ಯಾರಿಗೂ ಬೇಡವಾಗಿತ್ತು.