ಅಂಕಿಗೆ ಬೆಸೆದ ರೇಖೆ

ದೇಶದ ಆಯಾತ ನಿರ್ಯಾತಗಳ ಗತಿಯನ್ನು ಕೋಷ್ಟಕಗಳಲ್ಲಿ ಹುಡುಕಿ ಬಳಲುವ ಕಣ್ಣಿಗೆ ಅದನ್ನು ಒಂದೇ ನೋಟದಲ್ಲಿ ಕಾಣಿಸಬೇಕೆಂಬ ಸಂಕಲ್ಪದಿಂದ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರನು 1786ರಲ್ಲಿ ತನ್ನ 'ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್' ಎಂಬ ಗ್ರಂಥವನ್ನು ಹೊರತಂದನು. ಕಾಲವನ್ನು ಅಡ್ಡಲಾಗಿಯೂ ಹಣವನ್ನು ಲಂಬವಾಗಿಯೂ ಅಳೆದು ಎಳೆದ ರೇಖೆಗಳೇ ಅದರ ಜೀವಾಳ. ಸ್ಕಾಟ್ಲೆಂಡಿನ ವ್ಯಾಪಾರದ ಬಗೆಗೆ ಮಾತ್ರ ಅವನಿಗೆ ಒಂದೇ ವರ್ಷದ ಲೆಕ್ಕ ದೊರೆತಿದ್ದುದರಿಂದ, ರೇಖೆಯನ್ನೆಳೆಯಲು ಆಸ್ಪದವಿಲ್ಲದೆ ಉದ್ದಗಿಡ್ಡದ ಪಟ್ಟಿಗಳನ್ನು ಬರೆದನು. ಇಂದು ಪತ್ರಿಕೆಗಳಲ್ಲೆಲ್ಲ ಕಾಣುವ ಸ್ತಂಭಾಲೇಖವು ಹೀಗೆ ಅಂಕಿಗಳ ಅಭಾವದಿಂದ ಹುಟ್ಟಿತು.

ಪ್ಲೇಫೇರನ ಕಾಲದಲ್ಲಿ ತಾಮ್ರದ ಫಲಕದಲ್ಲಿ ಕೆತ್ತಿದ ರೇಖೆಗೂ ಅದರ ಮೂಲವಾದ ಅಂಕಿಗೂ ಇದ್ದ ನಂಟು ಕೆತ್ತನೆ ಮುಗಿದೊಡನೆಯೇ ಕಡಿದುಹೋಗುತ್ತಿತ್ತು. ವೆಬ್ ಬಂದ ಮೇಲೂ, ಬೇರೆಲ್ಲಿಯೋ ಸಿದ್ಧಪಡಿಸಿದ ಚಿತ್ರವನ್ನು ಪುಟಕ್ಕೆ ತಂದು ಅಂಟಿಸುವುದು ವಾಡಿಕೆಯಾಗಿದ್ದಷ್ಟು ಕಾಲ, ಆ ಅಗಲಿಕೆ ಹಾಗೆಯೇ ಉಳಿದಿತ್ತು. ಅದನ್ನು ನೀಗಿಸಿದ ಉಪಕರಣಗಳಲ್ಲಿ ನನ್ನ ಗೌರವಕ್ಕೆ ಮೊದಲು ಪಾತ್ರವಾಗಿರುವುದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮೈಕ್ ಬೊಸ್ಟಾಕ್, ವಾಡಿಮ್ ಒಗಿಯೆವೆಟ್‌ಸ್ಕಿ ಮತ್ತು ಜೆಫ್ರಿ ಹೀರ್ ಎಂಬವರು ತಮ್ಮ ಹಿಂದಿನ 'ಪ್ರೋಟೋವಿಸ್' ಪ್ರಯತ್ನದ ಅನುಭವದ ಮೇಲೆ ಕಟ್ಟಿ 2011ರಲ್ಲಿ ಲೋಕಕ್ಕಿತ್ತ 'ಡಿ3'.

ಇದರಲ್ಲಿ ಸಿದ್ಧ ಮಾದರಿಯ ಚಿತ್ರಗಳಿಲ್ಲ. ಇದು ಕೊಡುವುದು ಒಂದು ಸಂಬಂಧವನ್ನು. ಅಂಕಿಗಳ ಸಾಲೊಂದನ್ನು ಪುಟದ ಮೇಲಿನ ಆಕೃತಿಗಳೊಡನೆ ಒಂದಕ್ಕೊಂದರಂತೆ ಬೆಸೆದು, ಹೊಸತಾಗಿ ಬಂದ ಅಂಕಿಗೆ ಹೊಸ ಆಕೃತಿಯನ್ನು ಹುಟ್ಟಿಸಲು, ಉಳಿದುದರ ಆಕೃತಿಯನ್ನು ತಿದ್ದಲು, ಹೋದುದರ ಆಕೃತಿಯನ್ನು ಅಳಿಸಲು ಬೇರೆಬೇರೆ ವಿಧಿಗಳನ್ನು ಬರೆಯುವ ಅಧಿಕಾರವನ್ನು ಅದು ರಚಿಸುವವನಿಗೇ ಒಪ್ಪಿಸುತ್ತದೆ. ಕಲಿಯುವವನಿಗೆ ಇದು ಕಠಿನವೆಂಬುದು ನಿಜ. ಆದರೆ ಈ ಕಾಠಿನ್ಯದಲ್ಲಿ ಒಂದು ಪ್ರಾಮಾಣಿಕತೆಯುಂಟು: ಯಾವ ಪ್ರಮಾಣದಿಂದ ಯಾವ ಉದ್ದವು ಬಂದಿತೆಂಬುದನ್ನು ರಚಿಸಿದವನು ತಾನೇ ಬರೆದಿರುತ್ತಾನೆ.

ಅಷ್ಟು ಶ್ರಮ ಬೇಡವೆಂಬವರಿಗೆ ಸುಲಭ ಮಾರ್ಗಗಳೂ ಇವೆ. ನಾರ್ವೆಯ ವಿಕ್ ಎಂಬ ಪುಟ್ಟ ಊರಿನ ಟೋರ್‌ಸ್ಟೈನ್ ಹೋನ್ಸಿ ಎಂಬಾತನು ತಮ್ಮ ಊರಿನ ಪರ್ವತದ ಹಿಮದ ಆಳವನ್ನು ತನ್ನ ಪುಟದಲ್ಲಿ ತೋರಿಸಲು ಸಾಧನವನ್ನು ಹುಡುಕಿ ಕೊನೆಗೆ ತಾನೇ ನಿರ್ಮಿಸಿದುದು 'ಹೈಚಾರ್ಟ್ಸ್'. ಇನ್ನು ಪ್ರವಾಹನಕ್ಷೆಗಳನ್ನು (ಫ್ಲೋಚಾರ್ಟುಗಳನ್ನು) ಕೈಯಿಂದ ಬಿಡಿಸದೆ ನಾಲ್ಕು ಸಾಲಿನ ಪಠ್ಯದಿಂದಲೇ ಮೂಡಿಸುವ 'ಮರ್ಮೇಡ್' 2014ರಲ್ಲಿ ಬಂದಿತು. ಬೆಲ್ ಪ್ರಯೋಗಾಲಯದ 'ಗ್ರಾಫ್‌ವಿಜ್' ಆ ದಾರಿಯನ್ನು ಬಹಳ ಮೊದಲೇ ತುಳಿದಿತ್ತು.

ಉಪಕರಣವೆಷ್ಟು ಚತುರವಾದರೂ ವಿವೇಚನೆ ಅದರದಲ್ಲ. ಸಮಾನ ಅಳತೆಗೋಲಿನ ಮೇಲಿನ ಸ್ಥಾನವನ್ನು ಮನುಷ್ಯನ ಕಣ್ಣು ನಿಖರವಾಗಿ ಗ್ರಹಿಸುವುದೆಂದೂ ಕೋನ ವಿಸ್ತೀರ್ಣಗಳಲ್ಲಿ ಎಡವುವುದೆಂದೂ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿಯೇ ತೋರಿಸಿದ್ದರೂ, ಹತ್ತು ಹೋಳುಗಳ ವೃತ್ತಚಿತ್ರವು ಇಂದಿಗೂ ಎಲ್ಲೆಡೆ ಮೆರೆಯುತ್ತಿದೆ. ಸ್ತಂಭವು ಸೊನ್ನೆಯಿಂದಲೇ ಏಳಬೇಕು, ಏಕೆಂದರೆ ಅದರ ಉದ್ದವೇ ಅದರ ಮಾತು. ಆದರೆ ಸಮುದ್ರಮಟ್ಟದಿಂದ 1819 ಅಡಿಗೆ ತುಂಬತಕ್ಕ ಲಿಂಗನಮಕ್ಕಿ ಜಲಾಶಯದ ಮಟ್ಟವನ್ನು ಇದೇ ನಿಯಮದಂತೆ ಸೊನ್ನೆಯಿಂದ ಚಿತ್ರಿಸಿದರೆ, ಬೇಸಗೆಯ ಬರಿದಾದ ಜಲಾಶಯವೂ ಶ್ರಾವಣದ ತುಂಬಿದ ಜಲಾಶಯವೂ ನೋಡುವವರಿಗೆ ಒಂದೇ ಆಗಿ ತೋರುವುವು. ಅಲ್ಲಿ ಮೇಲ್ಭಾಗದ ಅಡಿಗಳನ್ನಷ್ಟೇ ತೋರುವ ರೇಖೆಯೇ ಸತ್ಯಕ್ಕೆ ಹತ್ತಿರ. ಈ ಭೇದವನ್ನು ಯಾವ ಉಪಕರಣವೂ ತಾನಾಗಿ ಅರಿಯದು, ನೆಲದ ತಿಳಿವಳಿಕೆಯುಳ್ಳವನೇ ಅರಿಯಬೇಕು.

ಈ ವಿದ್ಯೆಯು ಕನ್ನಡದಲ್ಲಿಯೂ ನೆಲೆಗೊಳ್ಳಬೇಕೆಂಬುದು ನನ್ನ ಗಾಢವಾದ ಆಸೆ, ಅದಕ್ಕೆ ಸಾಧನದ ಅಡ್ಡಿಯೇನೂ ಇಲ್ಲ. ಇಂಥ ಉಪಕರಣಗಳು ಪುಟದ ಮೇಲೆ ಬರೆಯುವ 'ಎಸ್‌ವಿಜಿ' ಎಂಬ ರೂಪದ ಚಿತ್ರದಲ್ಲಿ ಅಕ್ಷರವು ಅಕ್ಷರವಾಗಿಯೇ ಉಳಿಯುವುದರಿಂದ ಬ್ರೌಸರು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ, ಹುಡುಕಿದವರಿಗೆ ಆ ಪದಗಳು ಸಿಗುತ್ತವೆ. ಡಿ3ಗೆ ಒಮ್ಮೆ ಹೇಳಿಕೊಟ್ಟರೆ ಲಕ್ಷ ಕೋಟಿಗಳ ಕ್ರಮದಲ್ಲಿ ಅಲ್ಪವಿರಾಮವನ್ನಿಡುತ್ತದೆ, ಬೇಕೆಂದರೆ ಕನ್ನಡದ ಅಂಕಿಗಳನ್ನೇ ಬರೆಯುತ್ತದೆ. ಎಚ್ಚರವಿರಬೇಕಾದುದು ಸ್ಥಳ ಸಾಲದೆಂದು ಹೆಸರುಗಳನ್ನು ಮೊಟಕುಗೊಳಿಸುವಾಗ, ಏಕೆಂದರೆ ಕಂಪ್ಯೂಟರಿನ ಎಣಿಕೆಯಂತೆ ಕತ್ತರಿಸಿದರೆ 'ಕ್ಷ' ನಡುವೆಯೇ ಒಡೆದುಹೋಗುತ್ತದೆ. ನಮ್ಮ ಕೆಲವು ಜಿಲ್ಲೆಗಳ ಹೆಸರುಗಳು ಉದ್ದವಾದುವು. ದಕ್ಷಿಣ ಕನ್ನಡದಂಥವನ್ನು ಓರೆಯಾಗಿಸಿ ಓದುಗನ ಕತ್ತನ್ನು ನೋಯಿಸುವ ಬದಲು, ಸ್ತಂಭಗಳನ್ನೇ ಅಡ್ಡ ಮಲಗಿಸಿ ಹೆಸರನ್ನು ನೇರವಾಗಿ ಪೂರ್ಣವಾಗಿ ಬರೆಯಬಹುದು.