ಕೋಗಿಲಿನಲ್ಲಿ ಲೇತ್ ಕಿರುಚಿದರೆ ಯಾರಿಗೆ ನಷ್ಟ?

ಕೋಗಿಲು ಕ್ರಾಸಿನಲ್ಲಿ ಬಸ್ಸಿಳಿದು ಒಳರಸ್ತೆ ಹಿಡಿದವರಿಗೆ ಕೋಗಿಲೆಯ ದನಿ ಕೇಳೀತೋ ಇಲ್ಲವೋ, ಲೇತಿನ ಕಿರುಚಾಟವಂತೂ ಒಂದಲ್ಲ ಒಂದು ದಿನ ಕಿವಿಗೆ ಬಿದ್ದೇ ಬೀಳುತ್ತದೆ. ಹಲ್ಲು ಜುಮ್ಮೆನಿಸುವ ಸದ್ದು. ದಾರಿಹೋಕರು ಬೈದುಕೊಂಡು ಮುಂದೆ ಹೋಗುತ್ತಾರೆ. ತಗಡಿನ ಶೆಡ್ಡಿನೊಳಗಿನ ಟರ್ನರನ ಎದೆ ಮಾತ್ರ ಧಸಕ್ಕೆನ್ನುತ್ತದೆ.

"ಏನಯ್ಯಾ, ಮತ್ತೆ ಚ್ಯಾಟರಾ?"

"ಬಾರು ಉದ್ದ ಬಂದ್ಬಿಡ್ತು ಸಾರ್, ತಡೀತಾ ಇಲ್ಲ."

ಯಾವ ಶೆಡ್ಡಿಗೆ ಹೋದರೂ ಮಾಲೀಕ–ಕೆಲಸಗಾರರ ನಡುವೆ ಈ ಮಾತು ತಪ್ಪಿದ್ದಲ್ಲ. ಬುಷ್ಷಿನ ಒಳಮೈ ಕೊರೆಯುವಾಗ ಬೋರಿಂಗ್ ಬಾರು ನಡುಗಿತೆಂದರೆ ರಾಗಿ ಹೊಲದ ಸಾಲಿನಂತೆ ಗೀರು ಬೀಳುತ್ತದೆ. ಅಳತೆ ಸರಿಯಿದ್ದರೂ ಪಾರ್ಟಿ ಜಾಬನ್ನು ವಾಪಸ್ಸು ಕಳಿಸುತ್ತಾನೆ. ಕಬ್ಬಿಣ ಹೋಯಿತು, ಕರೆಂಟು ಹೋಯಿತು, ಟೂಲಿನ ತುದಿಯೂ ಹೋಯಿತು. ಅರ್ಧ ದಿನದ ಕೂಲಿ ಯಾರ ಲೆಕ್ಕಕ್ಕೆ ಬರೆಯೋದು?

ಸಿಗ್ನಲ್ಲಿನಲ್ಲಿ ನಿಂತ ಬಸ್ಸನ್ನು ನೆನೆಸಿಕೊಳ್ಳಿ. ಇಂಜಿನ್ ಒಂದು ಹದಕ್ಕೆ ಬಂದಾಗ ಕಿಟಕಿ ಗಾಜು ಗಡಗಡ ಎನ್ನುತ್ತದೆ, ಡ್ರೈವರ್ ಆಕ್ಸಿಲರೇಟರ್ ಒತ್ತಿದರೆ ಸುಮ್ಮನಾಗುತ್ತದೆ. ಪ್ರತಿ ವಸ್ತುವಿಗೂ ತನ್ನದೇ ತಾಳ ಇದೆ. ಆ ತಾಳಕ್ಕೆ ಸರಿಯಾಗಿ ತಳ್ಳಿದರೆ ಅದು ಕುಣಿಯುತ್ತದೆ. ಲೇತಿನಲ್ಲಿ ಇನ್ನೂ ಒಂದು ಫಜೀತಿ. ಒಂದು ಸುತ್ತಿನಲ್ಲಿ ಟೂಲು ಬಿಟ್ಟ ಅಲೆಯನ್ನು ಮುಂದಿನ ಸುತ್ತಿನಲ್ಲಿ ಅದೇ ಟೂಲು ಕತ್ತರಿಸಬೇಕು. ಅಲೆ ಅಲೆಯನ್ನು ಬೆಳೆಸುತ್ತದೆ. 1950ರ ದಶಕದಲ್ಲಿ ಪ್ರಾಗ್ ನಗರದ ಟ್ಲುಸ್ಟಿ ಮುಂತಾದವರು ಈ ಗುಟ್ಟು ಬಿಡಿಸಿದರು.

ಬಾರು ಉದ್ದವಾದಷ್ಟೂ ಕಷ್ಟ. ಉದ್ದ ಎರಡು ಪಟ್ಟಾದರೆ ಅದೇ ಒತ್ತಡಕ್ಕೆ ಬಾಗುವುದು ಎಂಟು ಪಟ್ಟು! ಸಾದಾ ಉಕ್ಕಿನ ಬಾರು ತನ್ನ ದಪ್ಪದ ಸುಮಾರು 4 ಪಟ್ಟು ಹೊರಚಾಚುವವರೆಗೆ ಮರ್ಯಾದೆಯಾಗಿರುತ್ತದೆ. 25 ಮಿಲಿಮೀಟರ್ ಬಾರಿಗೆ 100 ಮಿಲಿಮೀಟರ್ ಎನ್ನಿ. ಆಮೇಲೆ ಕಿರುಚಾಟ. ಕೆಲವರು ಮಿಷಿನ್ನಿನ ಕಾಲಿಗೆ ರಬ್ಬರ್ ಕೊಡುತ್ತಾರೆ. ನೆಲ ನಡುಗುವುದು ಕಮ್ಮಿಯಾದೀತು, ಬಾರಿನ ತುದಿಗೆ ಅದರಿಂದೇನು ಬಂತು?

ಮದ್ದು ಇರುವುದು ಬಾರಿನ ಹೊಟ್ಟೆಯಲ್ಲೇ. ತುದಿಯ ಹತ್ತಿರ ಟೊಳ್ಳು ಮಾಡಿ, ಭಾರವಾದ ಲೋಹದ ಗುಂಡನ್ನು ಎರಡು ರಬ್ಬರ್ ಉಂಗುರಗಳ ನಡುವೆ ಎಣ್ಣೆಯಲ್ಲಿ ತೇಲಿಬಿಡುತ್ತಾರೆ. ಉಂಗುರವನ್ನು ಹಿಂಡಿ, ಸಡಿಲಿಸಿ, ಗುಂಡಿನ ತಾಳವನ್ನು ಬಾರಿನ ತಾಳಕ್ಕೆ ಹೊಂದಿಸುತ್ತಾರೆ. ತಂಬೂರಿ ಶ್ರುತಿ ಮಾಡಿದ ಹಾಗೆ. ಬಾರು ಮೇಲೆದ್ದರೆ ಗುಂಡು ಹಿಂದೆ ಬಿದ್ದು ಕೆಳಗೆಳೆಯುತ್ತದೆ. ನಡುಕದ ಶಕ್ತಿಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಕರಗುತ್ತದೆ. ಇಂಥ ಬಾರು ದಪ್ಪದ 10 ಪಟ್ಟು ಚಾಚಿದರೂ ತೆಪ್ಪಗೆ ಕೊರೆಯುತ್ತದೆ. ಆದರೆ ಶ್ರುತಿ ತಪ್ಪಿದ ಗುಂಡು ದಂಡ. ಯಾವುದೋ ಕಬ್ಬಿಣದ ತುಂಡು ತುರುಕಿ ಗೆದ್ದೆನೆನ್ನುವಂತಿಲ್ಲ.

ಉಪಾಯ ಹೊಸದೇನಲ್ಲ. 1909ರಲ್ಲೇ ಜರ್ಮನಿಯ ಹರ್ಮನ್ ಫ್ರಾಮ್ ಎಂಬ ಇಂಜಿನಿಯರ್ ಇದಕ್ಕೆ ಪೇಟೆಂಟ್ ಕೇಳಿದ್ದ. ಹೈಟೆನ್ಷನ್ ತಂತಿಗೆ, ಕಂಬದ ಹತ್ತಿರ, ಪುಟ್ಟ ಡಂಬೆಲ್ ನೇತುಹಾಕಿರುವುದನ್ನು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಗಾಳಿಗೆ ತಂತಿ ನಡುಗಿ ಕಡಿಯದಿರಲೆಂದು ಇಟ್ಟದ್ದು. ಅದೂ ಇದೇ ಜಾತಿಯದು.

ಈ ಕಡೆಯ ಜನಕ್ಕೆ ಲೇತು ಅನ್ನದ ದಾರಿ. 1953ರಲ್ಲಿ ಹುಟ್ಟಿದ ಎಚ್‌.ಎಂ.ಟಿ. ಜಾಲಹಳ್ಳಿಯಲ್ಲಿ ಲೇತುಗಳನ್ನೇ ತಯಾರಿಸಿತು. ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆ 1984ರಲ್ಲಿ ಉದ್ಘಾಟನೆಯಾಯಿತು. ನಡುಕ ಅಳೆಯುವ ವಿದ್ಯೆಯೂ ದೂರವಿಲ್ಲ. ಜೆಕೊಸ್ಲೊವಾಕಿಯದ ನೆರವಿನಿಂದ 1962ರಲ್ಲಿ ಸ್ಥಾಪನೆಯಾದ ಸಿ.ಎಂ.ಟಿ.ಐ. ಯಶವಂತಪುರದ ತುಮಕೂರು ರಸ್ತೆಯಲ್ಲೇ ಇದೆ. ಹೆಬ್ಬಾಳದಲ್ಲಿ ಬಸ್ಸು ಬದಲಿಸಿದರೆ ಆಯಿತು.

ಆದರೆ ಹೋಗುವವರಾರು? ಒಂದು ದಿನ ಶೆಡ್ಡು ಮುಚ್ಚಿದರೆ ಆ ದಿನದ ದುಡಿಮೆ ಖೋತಾ. ಹೊರದೇಶದ ಬಾರಿನ ಬೆಲೆ ಒಮ್ಮೆ ಕೇಳಿದ ಚಿಕ್ಕ ಮಾಲೀಕ ಎರಡನೇ ಸಲ ಕೇಳುವುದಿಲ್ಲ. ಹತ್ತು ಶೆಡ್ಡಿನವರು ಸೇರಿ ಒಂದು ಬಾರು ತಂದು ಸರದಿಯಲ್ಲಿ ಬಳಸಬಹುದಲ್ಲ ಎಂದರೆ, "ಮುರಿದ್ರೆ ಯಾರು ಕೊಡ್ತಾರೆ ಸ್ವಾಮಿ?" ಎಂಬ ಪ್ರಶ್ನೆ ಸಿದ್ಧವಿರುತ್ತದೆ.

ಹಾಗಾಗಿ ಸ್ಪೀಡ್ ಇಳಿಸಿ, ಕೂದಲೆಳೆಯಷ್ಟೇ ಕಚ್ಚಿಸಿ, ಅರ್ಧ ಗಂಟೆಯ ಜಾಬನ್ನು ಎರಡು ಗಂಟೆ ಎಳೆಯುವುದೇ ನಡೆದಿದೆ.