ಜೇನು ಕಡಿತದ ಅಲರ್ಜಿ: ಲೆಕ್ಕಕ್ಕೆ ಸಿಗದ ಸಾವುಗಳು

ಕಾಫಿ ತೋಟದಲ್ಲಿ ಮರಗಸಿ ನಡೆಯುವಾಗ, ಅಡಿಕೆ ಕೊನೆ ಇಳಿಸುವಾಗ ಜೇನು, ಕಣಜ ಕಚ್ಚುವುದು ಬೆಳೆಗಾರ ಬಂಧುಗಳಿಗೆ ಹೊಸ ಸಂಗತಿಯಲ್ಲ. ಹೆಚ್ಚಿನವರಿಗೆ ಕಚ್ಚಿದ ಜಾಗ ಊದಿ, ಉರಿದು, ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೆಲವರಿಗೆ ಮಾತ್ರ ಒಂದೇ ಹುಳ ಕಚ್ಚಿದರೂ ನಿಮಿಷಗಳಲ್ಲಿ ಮೈಯೆಲ್ಲ ದದ್ದೆದ್ದು, ಗಂಟಲು ಕಟ್ಟಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದೆ. ವೈದ್ಯರು ಇದನ್ನು ಅನಾಫೈಲಾಕ್ಸಿಸ್ ಎನ್ನುತ್ತಾರೆ. 1902ರಲ್ಲಿ ಫ್ರಾನ್ಸಿನ ಪೋರ್ಟಿಯೆ ಮತ್ತು ರಿಶೆ ಎಂಬ ವಿಜ್ಞಾನಿಗಳು ಇಟ್ಟ ಹೆಸರು ಇದು.

ಹೆಸರು ಬಂದು ನೂರಿಪ್ಪತ್ತು ವರ್ಷ ದಾಟಿದರೂ ಇದು ಎಷ್ಟು ಮಂದಿಗೆ ಬರುತ್ತದೆಂಬ ಲೆಕ್ಕ ಗಟ್ಟಿಯಾಗಿಲ್ಲ. ಯಾವುದೇ ಕಾರಣದಿಂದ ಜೀವಮಾನದಲ್ಲಿ ಒಮ್ಮೆಯಾದರೂ ಇದಕ್ಕೆ ಗುರಿಯಾಗುವವರು ಶೇಕಡ 0.05ರಿಂದ 2 ಎಂದು 2006ರಲ್ಲಿ ಅಮೆರಿಕದ ತಜ್ಞರು ಅಂದಾಜಿಸಿದರು. ಎಂದರೆ ಎರಡು ಸಾವಿರಕ್ಕೆ ಒಬ್ಬರೂ ಇರಬಹುದು, ಐವತ್ತಕ್ಕೆ ಒಬ್ಬರೂ ಇರಬಹುದು. ನಲವತ್ತು ಪಟ್ಟು ಅಂತರ! ಫಸಲಿನ ಅಂದಾಜು ಇಷ್ಟು ಸಡಿಲವಾಗಿದ್ದರೆ ತೋಟವನ್ನು ಚೇಣಿಗೆ ಹಿಡಿಯಲು ಯಾರೂ ಬರಲಾರರು.

ನಮ್ಮ ಸೀಮೆಯಲ್ಲಿ ಮೊದಲ ತೊಡಕು ಹೆಜ್ಜೇನಿನದು. ಹಿಂಡು ಎದ್ದು ನೂರಾರು ಹುಳ ಕಚ್ಚಿದರೆ ಅಲರ್ಜಿ ಇಲ್ಲದವನೂ ಸಾಯಬಹುದು. ಅಲ್ಲಿ ಕೊಲ್ಲುವುದು ವಿಷದ ಪ್ರಮಾಣ. ಅಲರ್ಜಿ ಇದ್ದವನಿಗೆ ಒಂದು ಕಡಿತವೇ ಸಾಕು. ಕಾರಣ ಬೇರೆಯಾದರೂ ಆಸ್ಪತ್ರೆಯ ಪುಸ್ತಕದಲ್ಲಿ ಎರಡೂ 'ಜೇನು ಕಡಿತ'ವೇ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ರೋಗಪಟ್ಟಿಯಲ್ಲೂ ಜೇನು, ಕಣಜ, ಕಡಜಗಳಿಂದಾದ ಸಾವಿಗೆ ಎಕ್ಸ್ 23 ಎಂಬ ಒಂದೇ ಗುರುತು. 2022ರಿಂದ ಜಾರಿಗೆ ಬಂದ ಹನ್ನೊಂದನೆಯ ಪಟ್ಟಿ ಅಲರ್ಜಿಗೆ ಪ್ರತ್ಯೇಕ ಭಾಗವನ್ನೇ ಕೊಟ್ಟಿದೆ. ಆದರೆ ಪಟ್ಟಿ ಸುಧಾರಿಸಿದರೆ ಸಾಲದು, ಬರೆಯುವವರೂ ಬೇಕಲ್ಲ! 2020ರಲ್ಲಿ ಭಾರತದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇಕಡ 22.5ಕ್ಕೆ ಮಾತ್ರ.

ರೋಗವೂ ಗುರುತು ಬಿಡುವುದಿಲ್ಲ. ಹತ್ತರಲ್ಲಿ ಒಬ್ಬಿಬ್ಬರಿಗೆ ದದ್ದೇ ಏಳದು. ಬ್ರಿಟನ್ನಿನಲ್ಲಿ ಹುಳದ ಕಡಿತದಿಂದ ಸತ್ತವರ ದಾಖಲೆ ಪರಿಶೀಲಿಸಿದಾಗ ಉಸಿರು ಅಥವಾ ಹೃದಯ ನಿಲ್ಲಲು ಹಿಡಿದ ಕಾಲ ಸುಮಾರು ಹದಿನೈದು ನಿಮಿಷ. ತೋಟದಿಂದ ಟಾರು ರಸ್ತೆ ಮುಟ್ಟುವುದಕ್ಕೂ ಅಷ್ಟು ಸಾಲದು. ಮರಣೋತ್ತರ ಪರೀಕ್ಷೆಯಲ್ಲಿ ಅನೇಕ ವೇಳೆ ವಿಶೇಷ ಚಿಹ್ನೆ ಕಾಣುವುದಿಲ್ಲ; 'ಹೃದಯಾಘಾತ' ಎಂದು ಮುಗಿಯುತ್ತದೆ. ಬದುಕಿದವರಲ್ಲಿ ಟ್ರಿಪ್ಟೇಸ್ ಎಂಬ ರಕ್ತಪರೀಕ್ಷೆ ನೆರವಾದೀತು, ಆದರೆ ರಕ್ತವನ್ನು ಒಂದೆರಡು ಗಂಟೆಯೊಳಗೇ ತೆಗೆಯಬೇಕು.

ತಪ್ಪು ಇನ್ನೊಂದು ಕಡೆಗೂ ವಾಲುತ್ತದೆ. ಮನೆಮನೆಗೆ ಹೋಗಿ ಕೇಳಿದರೆ ಕೈ ಊದಿದವರೆಲ್ಲ 'ನನಗೆ ಅಲರ್ಜಿ' ಎನ್ನುತ್ತಾರೆ. ರಕ್ತಪರೀಕ್ಷೆಯಲ್ಲಿ ಅಲರ್ಜಿ ಕಂಡ ಎಷ್ಟೋ ಮಂದಿಗೆ ಕಚ್ಚಿದಾಗ ಏನೂ ಆಗುವುದಿಲ್ಲ.

ಲೆಕ್ಕವಿಲ್ಲದ ರೋಗಕ್ಕೆ ಔಷಧಿಯ ದಾಸ್ತಾನನ್ನು ಯಾರು ಕೇಳಿಯಾರು? ಇದಕ್ಕೆ ಮೊದಲ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅದು ಇದೆಯೇ ಎಂದು ಮರಗಸಿಗೆ ಮುಂಚೆಯೇ ವಿಚಾರಿಸಿಡಿ. ಚೇತರಿಸಿಕೊಂಡವರನ್ನೂ ಕೂಡಲೇ ಮನೆಗೆ ಕರೆತರಬೇಡಿ, ಕೆಲವು ಗಂಟೆಗಳ ಬಳಿಕ ಮತ್ತೆ ಮರುಕಳಿಸುವುದುಂಟು. ಎಷ್ಟು ಹುಳ ಕಚ್ಚಿತು, ಎಷ್ಟು ನಿಮಿಷಕ್ಕೆ ತೊಂದರೆ ಶುರುವಾಯಿತು, ಊದಿದ್ದು ಕೈ ಮಾತ್ರವೋ ಉಸಿರೂ ಕಟ್ಟಿತೋ ಎಂಬುದನ್ನು ವೈದ್ಯರಿಗೆ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ಆಳಿನ ಕೈಯಲ್ಲೇ ಇರಲಿ. ಮುಂದಿನ ವರ್ಷ ಆತ ಬೇರೆ ತೋಟದಲ್ಲಿ ಕೆಲಸಕ್ಕಿರಬಹುದು.